ಗ್ಯಾರೇಜಿನ ಟಂಕಸಾಲೆ

ನಮ್ಮ ಮೊಮ್ಮಗಳು ಇವತ್ತು ತನ್ನ ಕೈಯಾರೆ ಬೆಳ್ಳಿ ನಾಣ್ಯ ಹೊಡೆದಳು! ಕಲಿಸಿದವರು ಇಲ್ಲಿ ಅಮೆರಿಕದ ಮೀರಾ ಮೆಸಾ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ತಾತ. ಯುರೋಪಿನ ಹಳೇ ರಾಜರ ಟಂಕಸಾಲೆಯಲ್ಲಿ ಮಾಡುತ್ತಿದ್ದಂತೆ, ಎರಡು ಉಕ್ಕಿನ ಅಚ್ಚುಗಳ ನಡುವೆ ಬೆಳ್ಳಿಬಿಲ್ಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಪ್ರತಿ ಸಲವೂ ಅಚ್ಚಿನ ಧೂಳು ಊದಿ, "ಒನ್ ಹಿಟ್!" ಎನ್ನುತ್ತಾರೆ. ಸುತ್ತಿಗೆ ಎರಡು ಸಲ ಬಿದ್ದರೆ ಅಚ್ಚು ಜರುಗಿ, ನಾಣ್ಯದ ಮೇಲಿನ ರಾಜನಿಗೆ ಎರಡು ಮೂಗು. ವಾರವೆಲ್ಲ ಇವಳ ರಾಜರಿಗೆ ಎರಡೆರಡು ಮೂಗು, ಇವಳಿಗೆ ಅಳು.

ಇವತ್ತು ನಾನೂ ಅವರ ಗ್ಯಾರೇಜಿಗೆ ಹೋಗಿ, ಆಯುಧಪೂಜೆಯ ಅಭ್ಯಾಸದಲ್ಲಿ ಅಚ್ಚಿಗೆ ಕುಂಕುಮ ಇಟ್ಟುಬಿಟ್ಟೆ. ತಾತ "ನೋ, ನೋ!" ಎಂದು ಗಾಬರಿಯಾಗಿ ಊದಿದ್ದೇ ಊದಿದ್ದು.

"ಅಜ್ಜಿ, ಡೋಂಟ್ ಲುಕ್!" ಎಂದವಳೇ ಒಂದೇ ಏಟು ಹಾಕಿದಳು. ರಾಜನಿಗೆ ಚೆಂದದ ಒಂದೇ ಮೂಗು, ಕೆನ್ನೆಯಲ್ಲಿ ಚೂರು ಕೆಂಪು! ತಾತ ಹೊಟ್ಟೆ ಹಿಡಿದು ನಕ್ಕರು.

ಸಂಜೆ ನಮ್ಮ ಮನೆಯವರೆಲ್ಲರ ಜೊತೆ ಅವರೂ ಊಟಕ್ಕೆ ಕೂತರು. ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣು ಒರೆಸಿಕೊಂಡು, ಮತ್ತೆ ತಟ್ಟೆ ಮುಂದಕ್ಕೆ ಚಾಚಿದರು.