ಐಲಾ ದ್ವೀಪದ ತೀರ್ಥಯಾತ್ರೆ

ಬೇರೆಯವರ ಸಾಮಾನನ್ನು ದೇಶ ತಿರುಗಿಸುವುದು ಅನುಜನ ಹೊಟ್ಟೆಪಾಡು. ಎಲ್ಕ್ ಗ್ರೋವ್ ವಿಲೇಜಿನ ಗೋದಾಮೊಂದರಲ್ಲಿ ಕೂತು, ಯಾರದೋ ಟೈರು ಟೆಕ್ಸಾಸಿಗೆ, ಯಾರದೋ ನಾಯಿ ಬಿಸ್ಕತ್ತು ಒಹಾಯೊಗೆ ಎಂದು ಎಕ್ಸೆಲ್ ಹಾಳೆ ತುಂಬುತ್ತಾನೆ. ಯಾವ ಲಾರಿ ಎಷ್ಟು ಗಂಟೆಗೆ ಹೆದ್ದಾರಿಯ ಯಾವ ಎಕ್ಸಿಟ್ ಹಿಡಿಯಬೇಕು ಎಂಬುದು ಅವನಿಗೆ ಬಾಯಿಪಾಠ. ಓಹೇರ್ ವಿಮಾನ ನಿಲ್ದಾಣದಿಂದ ಎದ್ದ ವಿಮಾನಗಳು ದಿನವಿಡೀ ಅವನ ತಲೆಯ ಮೇಲೆಯೇ ಹಾದುಹೋಗುತ್ತವೆ. ಮೂವತ್ತೊಂದು ವರ್ಷವಾದರೂ, ಮದುವೆ ಮುಂಜಿಗಳನ್ನು ಬಿಟ್ಟರೆ ಅವನು ತಾನಾಗಿ ಹೋಗಿಬಂದ ಅತಿ ದೂರದ ಊರು ಡೆಟ್ರಾಯಿಟ್. ಅಲ್ಲಿಗೂ ದಾರಿ ತಪ್ಪಿದ ಒಂದು ಲಾರಿಯನ್ನು ಹುಡುಕಿಕೊಂಡು ಹೋಗಿದ್ದ.

ಇಂಥವನು ಸ್ಕಾಟ್ಲೆಂಡಿನ ಐಲಾ ಎಂಬ ದ್ವೀಪಕ್ಕೆ ಹೋಗಿ, ಬೆಳಿಗ್ಗೆ ಟ್ರೌಟ್ ಮೀನು ಹಿಡಿದು ಸಂಜೆ ವಿಸ್ಕಿ ಕುಡಿಯುವ ಒಂದು ವಾರದ ರಜೆಗೆ ಯೋಜನೆ ಹಾಕಿದ. ಐಡಿಯಾ ಗೆಳೆಯ ರಿಷಭನದು. ರಿಷಭ್ ಓಕ್ ಬ್ರೂಕಿನ ವಿಮಾ ಕಚೇರಿಯೊಂದರಲ್ಲಿ ಯಾರು ಯಾವಾಗ ಸಾಯಬಹುದು ಎಂದು ಲೆಕ್ಕ ಹಾಕುವವನು. ಹಾಗಾಗಿ ಬದುಕಿರುವಾಗಲೇ ಸುಖಪಡಬೇಕೆಂಬ ಅವಸರ ಅವನಿಗೆ ಸ್ವಲ್ಪ ಜಾಸ್ತಿ.

ಅನುಜನ ಅರ್ಹತೆಗಳನ್ನೂ ಹೇಳಿಬಿಡಬೇಕು. ಅವನದು ಗದಗಿನ ಕಡೆಯ ಲಿಂಗಾಯತ ಮನೆತನ. ಅಡುಗೆಮನೆಗೆ ಮೊಟ್ಟೆಯೂ ಬಂದಿದ್ದಿಲ್ಲ. ಆಫೀಸಿನಲ್ಲಿ ಕೋಳಿ ತಿನ್ನುತ್ತಾನೆ ನಿಜ, ಆದರೆ ಮೀನನ್ನು ಅಕ್ವೇರಿಯಮ್ಮಿನ ಗಾಜಿನಾಚೆ ಬಿಟ್ಟು ಬೇರೆಲ್ಲೂ ಸಮೀಪದಿಂದ ಕಂಡವನಲ್ಲ. ಗಾಳ ಬೀಸುವುದನ್ನು ವಿಡಿಯೊ ನೋಡಿ ಕಲಿತು, ತಮ್ಮ ಬಡಾವಣೆಯ ಹೊಂಡದ ದಂಡೆಯಲ್ಲಿ ಮೂರು ಶನಿವಾರ ಅಭ್ಯಾಸ ಮಾಡಿದ. ಮೊದಲ ವಾರ ತನ್ನದೇ ಸ್ವೆಟ್‌ಶರ್ಟಿನ ಟೋಪಿಯನ್ನು ಹಿಡಿದ. ಎರಡನೇ ವಾರ ಪಕ್ಕದ ಮನೆಯವರ ಟ್ರ್ಯಾಂಪೊಲಿನ್ ಹಿಡಿದ. ಮೂರನೇ ವಾರ ಒಂದು ಬಾತುಕೋಳಿ ಅವನನ್ನೇ ಮೇಲ್‌ಬಾಕ್ಸಿನವರೆಗೆ ಅಟ್ಟಿಸಿಕೊಂಡು ಬಂತು.

ವಿಸ್ಕಿಯ ಕಥೆಯೂ ಅಷ್ಟೇ. ಅಲ್ಲಿಯವರೆಗೆ ಅವನು ಅದನ್ನು ಕೋಕ್ ಬೆರೆಸಿ ಕುಡಿದವನು. ಐಲಾದ ವಿಸ್ಕಿಗೆ ಹೊಗೆಯ ಘಮ ಇರುತ್ತದೆ, ಅದನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಳ್ಳಬೇಕು ಎಂದು ರಿಷಭ್ ಒಂದು ಬಾಟಲಿ ತಂದ. ಅನುಜ್ ಕಣ್ಣು ಮುಚ್ಚಿ ಒಂದು ಗುಟುಕು ನಿಲ್ಲಿಸಿಕೊಂಡ. ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಯಾರೋ ಹಸಿ ಸೌದೆ ಉರಿಸಿದ ಹಾಗಿತ್ತು.

"ಹೆಂಗಿದೆ ಮಗಾ?" ಎಂದ ರಿಷಭ್.

"ಕಾಂಪ್ಲೆಕ್ಸ್ ಆಗಿದೆ," ಎಂದ ಅನುಜ್. ಆ ಮಾತನ್ನೂ ವಿಡಿಯೊದಿಂದಲೇ ಕಲಿತಿದ್ದ.

ಇಷ್ಟರಲ್ಲೇ ಕಥೆ ಮುಗಿದಿದ್ದರೆ ಇಬ್ಬರೂ ಸುಮ್ಮನೆ ಹೋಗಿ, ನೆಗಡಿ ಹಿಡಿಸಿಕೊಂಡು ವಾಪಸ್ ಬರುತ್ತಿದ್ದರು. ಆದರೆ ವಾಟ್ಸ್ಆ್ಯಪ್ ಗ್ರೂಪಿಗೊಂದು ಹೆಸರು ಬೇಕಾಯಿತು. ಬೆಂಗಳೂರಿನಲ್ಲಿ ಗುಂಡು ಹಾಕುವವರು ಮದ್ಯಕ್ಕೆ ತೀರ್ಥ ಎನ್ನುತ್ತಾರೆಂದು ರಿಷಭನಿಗೆ ಅವನ ಕಸಿನ್ ಹೇಳಿಕೊಟ್ಟಿದ್ದ. ಅದಕ್ಕಿಂತ ಒಳ್ಳೆಯ ಹೆಸರುಂಟೇ? ಗ್ರೂಪಿಗೆ 'ತೀರ್ಥಯಾತ್ರೆ' ಎಂದು ನಾಮಕರಣವಾಯಿತು. ಅದೂ ಕನ್ನಡ ಅಕ್ಷರಗಳಲ್ಲಿ. ಅನುಜನಿಗೆ ಕನ್ನಡ ಓದಲು ಬರುವುದಿಲ್ಲ. ಅವನ ತಾಯಿಗೆ ಚೆನ್ನಾಗಿ ಬರುತ್ತದೆ.

ತಾಯಿ ನೀಲಾಂಬಿಕಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ರಕ್ತ ಪರೀಕ್ಷೆ ಮಾಡುತ್ತಿರುವವರು. ಬೋಲಿಂಗ್‌ಬ್ರೂಕಿನ ಮನೆಯಲ್ಲಿ ಮೇಲ್ಗಡೆ ಅವರು ಮತ್ತು ಅನುಜನ ತಂದೆ ಮಲ್ಲಪ್ಪ. ಬೇಸ್‌ಮೆಂಟಿನಲ್ಲಿ ಅನುಜ್, 'ಟೆಂಪರರಿಯಾಗಿ', ಆರು ವರ್ಷದಿಂದ. ಒಂದು ಭಾನುವಾರ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಅವನ ಫೋನು ಮಿನುಗಿತು. ರೊಟ್ಟಿ ಬಡಿಯುತ್ತಿದ್ದ ನೀಲಾಂಬಿಕಾ ಕೈ ನಿಲ್ಲಿಸಿ ಓದಿದರು.

"ಯಪ್ಪಾ, ತೀರ್ಥಯಾತ್ರಾಕ್ಕ ಹೊಂಟೀಯೇನ?"

ಅನುಜನ ಬಾಯಲ್ಲಿ ರೊಟ್ಟಿ ಇತ್ತು. ಅದು ಇದ್ದಷ್ಟು ಹೊತ್ತು ಯೋಚಿಸಬಹುದಿತ್ತು. ಅವನು ಯೋಚಿಸದೆ, "ಹೌದಮ್ಮ," ಎಂದುಬಿಟ್ಟ.

"ಎಲ್ಲೀಗೆ?"

"ಸ್ಕಾಟ್ಲೆಂಡ್. ಒಂದು ಐಲ್ಯಾಂಡ್ ಅದ."

"ಅಲ್ಲೇನೈತಿ?"

ಇಲ್ಲಿಂದ ಮುಂದೆ ಅನುಜ್ ಒಂದೇ ಒಂದು ಸುಳ್ಳು ಹೇಳಲಿಲ್ಲ. ಅದೇ ತೊಂದರೆಯಾದದ್ದು. ಭಾಳ ಹಳೇ ಜಾಗ ಎಂದ; ನಿಜ. ತೀರ್ಥ ತಯಾರಾಗುವ ಜಾಗಗಳು ಸುಮಾರು ಹತ್ತು ಇವೆ, ಒಂದೊಂದು ಇನ್ನೂರು ವರ್ಷದವು ಎಂದ, ನಿಜ. ಮೊದಲು ಶುರು ಮಾಡಿದವರು ಸನ್ಯಾಸಿಗಳಂತೆ, ಅವರ ಭಾಷೆಯಲ್ಲಿ ಅದರ ಹೆಸರಿಗೆ 'ಜೀವಜಲ' ಅಂತ ಅರ್ಥವಂತೆ ಎಂದ. ಅದೂ ನಿಜ, ಅವನು ಓದಿದ್ದ. ಕೆರೆ, ಮೀನು ಎಂದೂ ಸೇರಿಸಿದ.

"ಮೀನಿಗೆ ಚುರುಮುರಿ ಹಾಕ್ತಾರೇನ?" ನೀಲಾಂಬಿಕಾರ ಮುಖ ಅರಳಿತ್ತು.

"ಏನೋ ಒಂದು ಹಾಕ್ತಾರಮ್ಮ."

ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ ಮಲ್ಲಪ್ಪನವರು ಧಾರವಾಡದ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಕಳೆದವರು. ತೀರ್ಥ, ಸ್ಕಾಟ್ಲೆಂಡ್ ಎಂಬ ಎರಡು ಶಬ್ದ ಒಟ್ಟಿಗೆ ಕಿವಿಗೆ ಬಿದ್ದೊಡನೆ ಮಗನನ್ನು ಒಮ್ಮೆ ದಿಟ್ಟಿಸಿದರು. ಆಮೇಲೆ ರಿಮೋಟ್ ತೆಗೆದುಕೊಂಡು ಟಿವಿಯ ದನಿ ಏರಿಸಿದರು.

ಮುಂದಿನ ಬುಧವಾರ ನೀಲಾಂಬಿಕಾ ಕೆಲಸದಿಂದ ಬಂದವರೇ ಕೋಟು ಕೂಡ ತೆಗೆಯದೆ, ಸೆಪ್ಟೆಂಬರಿನಲ್ಲಿ ಒಂದು ವಾರ ರಜೆಗೆ ಅಪ್ಲೈ ಮಾಡೀನಿ, ಸ್ಯಾಂಕ್ಷನ್ ಆತು, ನಾನೂ ನಿಮ್ಮ ಜೋಡಿ ಬರ್ತೀನಿ ಎಂದರು. "ಹನ್ನೊಂದು ವರ್ಷದಾಗ ಮದುವಿ ಇಲ್ದ, ಆಪರೇಷನ್ ಇಲ್ದ ನಾ ತಗೊಂಡಿದ್ದು ಇದೊಂದ ರಜಾ ನೋಡು. ಸೂಪರ್‌ವೈಸರ್ ಏನಂದ್ಲು ಗೊತ್ತೇನ? 'ನೀನೂ ರಜಾ ತಗೋತೀಯಾ?' ಅಂದ್ಲು!"

ಅನುಜ್ ಬೇಸ್‌ಮೆಂಟಿಗಿಳಿದು ರಿಷಭನಿಗೆ ಫೋನ್ ಮಾಡಿದ.

"ನಿಮ್ಮಮ್ಮ ಬರ್ತಾರಾ? ಲೋ, ನಿನಗೇನು ಬುದ್ಧಿ ಇಲ್ವಾ?"

"ಗ್ರೂಪಿಗೆ ಹೆಸರಿಟ್ಟಿದ್ದು ಯಾರು?"

ರಿಷಭ್ ಮಾತು ತಿರುಗಿಸಿದ. "ಅಲ್ಲೇ ಅಯೋನಾ ಅಂತ ಇನ್ನೊಂದು ಐಲ್ಯಾಂಡ್ ಇದೆ ಮಗಾ. ನಿಜವಾದ ಮಠ ಇದೆ, ರಿಯಲ್ ಹೋಲಿ ಪ್ಲೇಸ್. ಬೆಳಿಗ್ಗೆ ಆಂಟೀನ ಅಲ್ಲಿ ಬಿಡೋಣ, ನಾವು ಐಲಾಗೆ ಹೋಗಿ ಸಂಜೆ ಪಿಕಪ್ ಮಾಡೋಣ."

ಅನುಜ್ ಇದನ್ನೂ ಎಕ್ಸೆಲಿಗೆ ಹಾಕಿ ನೋಡಿದ, ನಾಚಿಕೆಯಿಲ್ಲದೆ. ನೂರಾರು ಲಾರಿಗಳನ್ನು ಹೊಂದಿಸಿದವನಿಗೆ ಒಬ್ಬ ತಾಯಿಯನ್ನು ಹೊಂದಿಸುವುದು ಎಷ್ಟರ ಕೆಲಸ? ಆದರೆ ಎರಡು ದ್ವೀಪಗಳ ನಡುವೆ ನೇರ ದೋಣಿಯೇ ಇರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ದಿನ ಮುಗಿಯುತ್ತಿತ್ತು. ಹಾಳೆ ತುಂಬ ಕೆಂಪು ಬಣ್ಣ ಬಂತು. ತಾಯಿಯನ್ನು ಬೆಳಿಗ್ಗೆ ಇಳಿಸಿ ಸಂಜೆ ಎತ್ತಿಕೊಳ್ಳುವ ಸರಕಿನ ಸಾಲಿನಲ್ಲಿ ಬರೆದಿದ್ದೇನೆ ಎಂಬುದು ಆಗ ಕಣ್ಣಿಗೆ ಬಿದ್ದು, ಲ್ಯಾಪ್‌ಟಾಪ್ ಮುಚ್ಚಿದ.

ಶನಿವಾರ ಮಧ್ಯಾಹ್ನ ಕೌಸಲ್ಯಾ ಆಂಟಿ ಬಂದರು. ಮೈಸೂರಿನವರು, ಪ್ರತಿ ಗುರುವಾರದ ಭಜನೆ ಅವರ ಮನೆಯಲ್ಲೇ. ಕೈಯಲ್ಲೊಂದು ಚೀಲ, ಅದರಲ್ಲಿ ಬಿಗಿ ಮುಚ್ಚಳದ ಐದು ತಾಮ್ರದ ಗಿಂಡಿ.

"ಅನುಜ್, ನಿಮ್ಮಮ್ಮ ಎಲ್ಲಾ ಹೇಳಿದ್ರಪ್ಪ. ಈ ಕಾಲದ ಹುಡುಗ್ರಲ್ಲಿ ಇಷ್ಟು ಭಕ್ತಿ ಎಲ್ಲಿದೆ ಹೇಳು? ನಮ್ಮ ಐದು ಜನಕ್ಕೆ ಒಂದೊಂದು ಗಿಂಡಿ ತೀರ್ಥ ತಂದ್ಬಿಡು. ಕುಡಿಯೋಕ್ ಮುಂಚೆ ಉಪವಾಸ ಇರಬೇಕಾ?"

"ಇಲ್ಲ ಆಂಟಿ. ಆ್ಯಕ್ಚುಅಲಿ... ಏನಾದರೂ ತಿಂದಿದ್ದರೆ ಒಳ್ಳೇದು."

"ಹೌದಾ? ಅಷ್ಟು ಶಕ್ತಿ ಇದೆಯಾ ಅದಕ್ಕೆ?"

"ಇದೆ ಆಂಟಿ. ನಲವತ್ತು ಪರ್ಸೆಂಟ್."

ಮಲ್ಲಪ್ಪನವರು ಸೋಫಾದಿಂದ ಎದ್ದು ಗ್ಯಾರೇಜಿಗೆ ಹೋದರು. ಒಳಗಿನಿಂದ ಕೆಮ್ಮಿದಂಥ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆಂಟಿಯ ಕಾರು ತಿರುವು ದಾಟುವವರೆಗೆ ಅನುಜ್ ಡ್ರೈವ್‌ವೇಯಲ್ಲಿ ನಿಂತಿದ್ದ. ಪಕ್ಕದಲ್ಲಿ ತಾಯಿ ಕೈ ಬೀಸುತ್ತಿದ್ದರು. ಇನ್ನೊಂದು ದಿನ ತಡ ಮಾಡಿದರೆ ಭಜನಾ ಮಂಡಳಿಯೇ ಓಹೇರಿಗೆ ಹೂವಿನ ಹಾರ ತರುವ ಅಪಾಯವಿತ್ತು. ಹೇಳಿದರೆ ಟ್ರಿಪ್ ಹೋಯಿತು, ತಾಯಿಯ ರಜೆಯೂ ಹೋಯಿತು.

"ಅಮ್ಮಾ, ಆ ತೀರ್ಥ ಅಂದ್ರ... ಅದು ವಿಸ್ಕಿ."

ನೀಲಾಂಬಿಕಾ ಬೀಸುತ್ತಿದ್ದ ಕೈಯನ್ನು ಇಳಿಸಿದರು.

"ಸನ್ಯಾಸಿಗಳು?"

"ಅವರೂ ವಿಸ್ಕೀನ ಮಾಡ್ತಿದ್ರು."

"ಮೀನು?"

"ಗಾಳ ಹಾಕಿ ಹಿಡೀತೀವಿ. ಬಟ್ ತಿನ್ನೂದಿಲ್ಲಮ್ಮ, ವಾಪಸ್ ನೀರಿಗೆ ಬಿಡ್ತೀವಿ."

"ಬಿಡೂದಾದ್ರ ಹಿಡಿಯೂದ್ಯಾಕ?"

ಅನುಜ್ ಮೀನಿನ ಮಾತು ಬಿಟ್ಟ. "ನಾನು ಕುಡೀತೀನಿ ಅಂತ ನಿನಗೆ ಬೇಜಾರ್ ಆಗ್ತದ ಅಂತ ಹೇಳ್ಲಿಲ್ಲ," ಎಂದು ಮೆಲ್ಲಗೆ ಅಂದ.

"ನೀ ಕುಡಿಯೂದು ನನಗ ಗೊತ್ತಿಲ್ಲೇನ? ಆರು ವರ್ಷ ಆತು, ಮಂಗಳವಾರಕ್ಕೊಮ್ಮೆ ಬೇಸ್‌ಮೆಂಟಿನ ರಿಸೈಕ್ಲಿಂಗ್ ಡಬ್ಬಿ ರೋಡಿಗೆ ಇಡಾಕಿ ಯಾರು? ಬಾಟ್ಲಿ ಮ್ಯಾಲೆ ಪೇಪರ್ ಮುಚ್ಚಿಟ್ರ ಸಪ್ಪಳ ಆಗೂದಿಲ್ಲೇನ?" ನೀಲಾಂಬಿಕಾರ ದನಿ ಅಲ್ಲಿವರೆಗೆ ಗಟ್ಟಿಯಾಗಿತ್ತು. ಆಮೇಲೆ ಸಣ್ಣದಾಯಿತು. "ಅದಲ್ಲೋ. ಮಗ ತನ್ನ ಗೆಳ್ಯಾನ ಜೋಡಿ ಹೊಂಟಾನ, ನಾ ಬರ್ತೀನಂದ್ರ ಬ್ಯಾಡ ಅನ್ಲಿಲ್ಲ ಅಂತ ಲ್ಯಾಬಿನ್ಯಾಗ ಎಲ್ಲಾರ ಮುಂದ ಹೇಳ್ಕೊಂಡು ಅಡ್ಡಾಡೀನಿ. ಈಗ ಆ ರಜಾ ತಗೊಂಡು ಏನ್ ಮಾಡ್ಲಿ?"

ಬ್ಯಾಡ ಅನ್ನಲಿಲ್ಲ ನಿಜ. ಬಾ ಎಂದೂ ಅವನು ಅಂದಿರಲಿಲ್ಲ. ಮನಸ್ಸಿನಲ್ಲಿ ರಿಷಭನ ಮುಖ ಬಂದುಹೋಯಿತು. ತಾಯಿಯ ಎದುರು ಕೂತು ವಿಸ್ಕಿ ಕುಡಿಯುವ ತನ್ನ ಮುಖವೂ ಬಂದು, ಹೋಗದೆ ನಿಂತಿತು.

"ನೀನೂ ಬಾ," ಎಂದ.

"ನಾ ಬಂದ್ರ ನೀವು ಕುಡಿಯೂದು ಹೆಂಗ?"

"ನಿನ್ ಮುಂದನ ಕುಡೀತೀವಿ. ಸ್ವಲ್ಪ ಕುಡೀತೀವಿ. ಅಯೋನಾ ಅಂತ ಇನ್ನೊಂದು ಐಲ್ಯಾಂಡಿನ್ಯಾಗ ಖರೇನ ಒಂದು ಮಠ ಅದ, ಒಂದು ದಿನ ಮೂರೂ ಮಂದಿ ಅಲ್ಲಿಗೆ ಹೋಗೋಣು. ಡೇ ಫುಲ್ ಹೋಗ್ತದ, ಹೋಗ್ಲಿ."

ನೀಲಾಂಬಿಕಾ ಹುಲ್ಲಿನಲ್ಲೆದ್ದ ಒಂದು ಕಳೆಯನ್ನು ಬಗ್ಗಿ ಕಿತ್ತರು. ಬೇರು ಸಮೇತ ಬಂತೇ ಎಂದು ಪರೀಕ್ಷಿಸಿದರು. "ಕೌಸಲ್ಯಾಗ ನೀನ ಹೇಳ್ಬೇಕು. ನಾ ಹೇಳಾಕಿ ಅಲ್ಲ," ಎಂದು ಒಳಗೆ ಹೋದರು.

ಫೋನಿನಲ್ಲಿ ಕೌಸಲ್ಯಾ ಆಂಟಿ ಎಲ್ಲವನ್ನೂ ಕೇಳಿಸಿಕೊಂಡು, ಶಿವ ಶಿವಾ ಎಂದು ಎರಡು ಸಲ ಅಂದು, ಗಿಂಡಿಗಳನ್ನು ಇವತ್ತೇ ವಾಪಸ್ ತಂದುಕೊಡು ಎಂದರು. ಇಡುವ ಮುಂಚೆ ದನಿ ತಗ್ಗಿಸಿ, "ನಾಲ್ಕು ತಂದುಕೊಟ್ರೆ ಸಾಕು. ನಮ್ಮ ಮನೆಯವ್ರಿಗೆ ಯಾವಾಗ್ಲೂ ಶೀತ," ಎಂದರು.

ರಿಷಭನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. "ಆಂಟಿ ಮುಂದೆ ನಾನು ಗ್ಲಾಸ್ ಹಿಡಿಯೋದು ಹೆಂಗೋ?" ಎಂದು ಅರ್ಧ ಗಂಟೆ ಗೋಳಾಡಿ, ರೊಟ್ಟಿ ಕಟ್ಟಿಕೊಂಡು ಬರುತ್ತಾರೆಂದು ಗೊತ್ತಾದ ಮೇಲೆ ತಣ್ಣಗಾದ. ನೀವೂ ಬರ್ತೀರಾ ಎಂದು ಕೇಳಿದ್ದಕ್ಕೆ ಮಲ್ಲಪ್ಪನವರು, ಒಂದು ವಾರ ಮನೆಯಲ್ಲಿ ಒಬ್ಬನೇ ಇರುವುದೇ ನನಗೆ ದೊಡ್ಡ ಯಾತ್ರೆ ಎಂದರು.

ಭಾನುವಾರ ಬೆಳಿಗ್ಗೆ ತಾಯಿ ಮಗ ಡೈನಿಂಗ್ ಟೇಬಲ್ಲಿಗೆ ಕೂತು ಟಿಕೆಟ್ ಮಾಡಿದರು. ನೀಲಾಂಬಿಕಾ ಕನ್ನಡಕ ಹಾಕಿಕೊಂಡು, ಸ್ಲೈಡಿನ ಮೇಲಿನ ರಕ್ತದ ಹನಿ ನೋಡುವಷ್ಟು ಜಾಗ್ರತೆಯಿಂದ ವಿಮಾನದ ನಕ್ಷೆ ನೋಡಿ, ಕಿಟಕಿ ಪಕ್ಕದ ಸೀಟು ಆರಿಸಿದರು. ಇನ್ನೊಂದು ತುದಿ ರಿಷಭನಿಗೆ. ಏಳೂವರೆ ಗಂಟೆಯ ಹಾದಿಗೆ ಅನುಜನಿಗೆ ಉಳಿದದ್ದು ನಡುವಿನ ಸೀಟು.

"ವಿಮಾನದಾಗ ಪುಗಸಟ್ಟೆ ಕೊಡ್ತಾರಲ್ಲ, ಅದನ್ನೂ ಕುಡೀತೀಯೇನ?"

"ಇಲ್ಲಮ್ಮ, ಛೇ."

ನೀಲಾಂಬಿಕಾ ಮೌಸಿನಿಂದ ಕೈ ತೆಗೆದು ಕನ್ನಡಕದ ಮೇಲಿನಿಂದ ನೋಡಿದರು. "ಮತ್ತ ಸುಳ್ಳು ಶುರು ಮಾಡಬ್ಯಾಡ."

"ಒಂದು," ಎಂದ ಅನುಜ್.

ಅವರು ಕ್ಲಿಕ್ ಮಾಡಿದರು.