ಗೋಡೆಯಾಚೆ ಮಲಗಿದವರು

ಗೋಡೆಗೆ ಯಾರೋ ಧಡಧಡ ಗುದ್ದಿದರು. ಬೆದರಿ ಕೈಯಲ್ಲಿದ್ದ ರಸಾಯನಶಾಸ್ತ್ರದ ಪುಸ್ತಕ ಬೀಳಿಸಿದೆ. ಎಪ್ಪತ್ತರ ದಶಕದ ಕೊನೆ. ಗದಗಿನಿಂದ ಕಾಲೇಜು ಕಲಿಯಲು ಮುಂಬಯಿ ಹತ್ತಿರದ ಡೊಂಬಿವಲಿಯ ಅಣ್ಣನ ಮನೆಗೆ ಬಂದ ಮರುದಿನ. ಹಾಡುಹಗಲಲ್ಲಿ ಜೋರಾಗಿ ಓದುತ್ತಿದ್ದೆ, ಅಷ್ಟೇ. ಪಕ್ಕದ ಖೋಲಿಯ ಮರಾಠಿ ಹೆಂಗಸು, ಎಲ್ಲರ ಕಾಕು, ಬಾಗಿಲಿಗೆ ಬಂದು, “ಅಗಂ, ಹಳೂ ವಾಚ್. ಹೇ ರಾತ್ರಪಾಳೀ ಕರೂನ್ ಝೋಪ್ಲೇತ್,” ಎಂದರು. ಮೆಲ್ಲಗೆ ಓದು, ಯಜಮಾನರು ರಾತ್ರಿಪಾಳಿ ಮುಗಿಸಿ ಮಲಗಿದ್ದಾರೆ ಎಂದು ಅಣ್ಣನ ಹೆಂಡತಿ, ವೈನಿ, ಬಿಡಿಸಿ ಹೇಳಿದಳು.

ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ಓದು ಅಂದರೆ ಧ್ವನಿ. ಪಡಸಾಲೆಯಲ್ಲಿ ನಾನು ಒದರಿದರೆ ಅಡುಗೆಮನೆಯಲ್ಲಿ ಅವ್ವನಿಗೆ ಸಮಾಧಾನ. ಇಲ್ಲಿ ಚಾಳಿನ ಒಂದೇ ಖೋಲಿ, ತೆಳುಗೋಡೆ. ಬಾಯಿ ಮುಚ್ಚಿ ಓದಿದರೆ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. “ಒಮ್ಮೆ ನಪಾಸಾದಿ ಅಂದ್ರ ಸಾಕು, ಕಾಲೇಜ್ ಬಿಡಿಸಿ ಮದಿವಿ ಮಾಡತೇನಿ,” ಎಂದು ಅಪ್ಪ ರೈಲು ಹತ್ತಿಸುವಾಗಲೇ ಹೇಳಿದ್ದ. ಲೋಕಲ್ ರೈಲಿನ ನೂಕುನುಗ್ಗಲಿಗಿಂತ ನನಗೆ ಆ ಮಾತಿನದೇ ಭಯ.

ಒಂದು ಸಂಜೆ ಗ್ಯಾಲರಿಯಲ್ಲಿ ಮೆಂತ್ಯಸೊಪ್ಪು ಸೋಸುತ್ತಿದ್ದ ಕಾಕು, ಏನು ಓದಿದೆ ಹೇಳು ಎಂದರು. ಆಸಿಡ್ಡಿನ ಪಾಠವನ್ನು ಇಂಗ್ಲಿಷಿನಲ್ಲೇ ಗಡಗಡ ಒಪ್ಪಿಸಿದೆ. ಆಸಿಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಕು ಸೊಪ್ಪು ಕೆಳಗಿಟ್ಟರು. ಅವರ ಯಜಮಾನರು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಆಸಿಡ್ ಪೀಪಾಯಿಗಳ ನಡುವೆ ದುಡಿಯುವವರು.

“ಅಂಗಾವರ್ ಪಡ್ಲಂ ತರ್?” ಮೈಮೇಲೆ ಬಿದ್ದರೆ?

ಇಡೀ ಗಿಣಿಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಾಕುವಿನ ಮುಖದಲ್ಲಿದ್ದ ಹೆದರಿಕೆ ನೋಡಿ ನನ್ನ ನಪಾಸಿನ ಭಯ ಚಿಕ್ಕದೆನಿಸಿತು, ಹೋಗಲಿಲ್ಲ ಮಾತ್ರ.

ಮರುದಿನ ಪ್ರಯೋಗಶಾಲೆಯಲ್ಲಿ ಮೇಡಂ ಅವರನ್ನು ಕೇಳಿಕೊಂಡು ಬಂದು, ಮೊದಲು ಧಾರಾಳ ನೀರು ಸುರಿಯಬೇಕಂತೆ ಎಂದು ಹೇಳಿದೆ. ಕಾಕು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಪುಸ್ತಕ ಮುಚ್ಚಿ, ಹರಕುಮುರುಕು ಮರಾಠಿಯಲ್ಲಿ ಅವರಿಗೆ ಪಾಠ ಹೇಳುವುದೇ ನನ್ನ ಓದಾಯಿತು. ಎಲ್ಲಿ ತೊದಲುತ್ತಿದ್ದೆನೋ ಅಲ್ಲಿ ನನಗೇ ತಿಳಿದಿಲ್ಲವೆಂದು ಗೊತ್ತಾಗುತ್ತಿತ್ತು. ಒಳಗೆ ಓಡಿ ಅದೊಂದೇ ಪುಟವನ್ನು ಸದ್ದಿಲ್ಲದೆ ಮತ್ತೆ ಓದುತ್ತಿದ್ದೆ. ಫಲಿತಾಂಶದ ದಿನದವರೆಗೂ ಅಪ್ಪನ ಮಾತಿನ ಭಯ ಬಿಡಲಿಲ್ಲ. ಪಾಸಾದೆ.

ರಜೆಗೆ ಗದಗಿಗೆ ಬಂದು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ.

“ಯಾಕವಾ, ಸಪ್ಪಳನ ಇಲ್ಲ? ಮಲಕೊಂಡ್ಯೇನು?” ಒಳಗಿನಿಂದ ಅವ್ವ ಕೂಗಿದಳು.

“ಓದಾಕತ್ತೇನಿ.”

“ಮತ್ತ ನನಗ ಕೇಳಸವಲ್ದಲ್ಲ!”

ಅವಳ ಸಮಾಧಾನಕ್ಕೆಂದು ಬಾಯಿ ತೆರೆದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಧ್ವನಿ ತಾನಾಗಿ ತಗ್ಗಿತು, ಕಣ್ಣು ಗೋಡೆಯತ್ತ ಹೋಯಿತು. ಆಚೆ ನಮ್ಮದೇ ದೇವರಕೋಣೆ. ಅಲ್ಲಿ ಯಾರೂ ಮಲಗಿರಲಿಲ್ಲ.