ಹತ್ತು ನಿಮಿಷ ತಡ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಆ ಕೋಪದ ಕಥೆಯೇ ಇದೆ. ಕಂಡಕ್ಟರ್ ಕೆಲಸಕ್ಕೆ ಅದು ಬೇಕೂ ಬೇಕು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ಸು ನಿಲ್ಲುವುದಕ್ಕೆ ಮೊದಲೇ ಕಿಟಕಿಯಿಂದ ಟವೆಲ್ಲು, ಚೀಲ ಎಸೆದು ಸೀಟು ಹಿಡಿಯುವ ಜನರ ಮುಂದೆ ಮೆತ್ತಗೆ ಮಾತಾಡಿದರೆ ಟಿಕೆಟ್ ಕೊಟ್ಟ ಹಾಗೆಯೇ.

ಕೆಲಸ ಸಿಕ್ಕಾಗ ನನಗೆ ಮೂವತ್ತೆರಡು. ಮದುವೆಯಾಗಿ ಐದು ವರ್ಷ ಕಳೆದಿತ್ತು. ಅಷ್ಟು ವರ್ಷವೂ ಅರ್ಜಿ, ಪರೀಕ್ಷೆ, ಕಾಯುವುದು, ಮತ್ತೆ ಅರ್ಜಿ. ಕೆಲಸ ಸಿಗಲಿ, ಆಮೇಲೆ ಮಗು ಎಂದುಕೊಂಡಿದ್ದೆವು. ಸಿಕ್ಕ ಮೇಲೆ ಒಂದು ವರ್ಷದ ಟ್ರೈನಿಂಗ್ ಎಂದರು. ಊರಿನ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು, "ಐದು ವರ್ಷ ಕಾದಿದ್ದೀವಿ, ಇನ್ನೊಂದು ವರ್ಷ ಹೆಚ್ಚಾ? ಕಾಯಂ ಆರ್ಡರ್ ಕೈಗೆ ಬರ್ಲಿ" ಎಂದರು. ನಾನೂ ಹೂಂ ಎಂದೆ.

ನಮ್ಮತ್ತೆ ಮಾತ್ರ ಒಪ್ಪಲಿಲ್ಲ. ಅವರು ಉಳ್ಳಾರ್ತಿ ಕಡೆ ಹಟ್ಟಿಯಲ್ಲಿ ಕುರಿ ಇಟ್ಟುಕೊಂಡಿರುವವರು. ವಾರಕ್ಕೊಮ್ಮೆ ಮೊಸರು ತಂದುಕೊಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು.

"ಕೆಲ್ಸ ಎಲ್ಲೂ ಓಡಿಹೋಗಲ್ಲ, ಅಲ್ಲೇ ಇರ್ತೈತೆ. ನಿನ್ನ ವಯಸ್ಸು ನಿಂತ್ಕೊಂಡಿರ್ತೈತೇನವ್ವಾ?"

ನನಗೆ ರೇಗುತ್ತಿತ್ತು. ಆದರೆ ಅವರು ಹೋದ ಮೇಲೆ ಕನ್ನಡಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ ಎನ್ನುವುದೂ ನಿಜ.

ಏಳನೇ ತಿಂಗಳಲ್ಲಿ ನಮ್ಮ ಲೆಕ್ಕ ತಪ್ಪಿತು. ಬಯಸಿ ಆದದ್ದಲ್ಲ, ಬೇಡವೆಂದೂ ಅಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದಾಗ ನನಗೆ ಮೊದಲು ಖುಷಿಯೇ ಆಯಿತು. ಆಮೇಲೆ ಹೆದರಿಕೆ. ನನ್ನ ಜೊತೆ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು, "ಟ್ರೈನಿಂಗ್ ಒಳಗೆ ಬಸುರಿ ಆದ್ರೆ ಮತ್ತೆ ಮೊದಲಿಂದ ಶುರು ಮಾಡಿಸ್ತಾರಂತೆ ಅಕ್ಕಾ" ಎಂದಿದ್ದಳು. ಅವಳಿಗೆ ಯಾರು ಹೇಳಿದ್ದರೋ. ನಾನು ಡಿಪೋದಲ್ಲಿ ಹೋಗಿ ಕೇಳಲಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತದೆಂಬ ಭಯ. ಇನ್ನು ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಯೂನಿಫಾರಂ ದೊಗಳೆಯಾಗಿದೆ, ಯಾರಿಗೂ ಕಾಣುವುದಿಲ್ಲ ಎಂದು ನಮ್ಮ ಮನೆಯವರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ನನ್ನ ರೂಟು ಚಳ್ಳಕೆರೆಯಿಂದ ಮೊಳಕಾಲ್ಮೂರು, ಅಲ್ಲಿಂದ ಸಿದ್ದಾಪುರದ ಮೇಲೆ ರಾಂಪುರ, ಮತ್ತೆ ವಾಪಸ್ಸು. ಮೊಳಕಾಲ್ಮೂರಿನ ತನಕ ತೊಂದರೆಯಿಲ್ಲ. ಆಮೇಲೆ ಹಳ್ಳಿ ದಾರಿ, ಗುಂಡಿ, ಹಂಪು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಿಲ್ಲುವುದಕ್ಕೂ ಜಾಗವಿರುತ್ತಿರಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ ಮಿಷನ್ ಹಿಡಿದು ಹಿಂದಿನಿಂದ ಮುಂದಕ್ಕೆ ನುಗ್ಗಬೇಕು.

ನನ್ನ ಡ್ರೈವರ್ ರಾಂಪುರದ ಕಡೆಯವರು, ರಿಟೈರಾಗಲು ಒಂದೂವರೆ ವರ್ಷವಿದ್ದ ಹಿರಿಯರು. ನಾನು ಅಣ್ಣ ಎನ್ನುತ್ತಿದ್ದೆ. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ಎತ್ತು ಎಮ್ಮೆ ಅಡ್ಡ ಬಂದರೆ ಎರಡೂ. ಮಾತು ಕಡಿಮೆ. ಅಲ್ಲಿಯವರೆಗೆ ಟೈಮಿಗೆ ಸರಿಯಾಗಿ ಬಸ್ಸು ಓಡಿಸುತ್ತಿದ್ದ ಈ ಮನುಷ್ಯ ಇದ್ದಕ್ಕಿದ್ದ ಹಾಗೆ ನಿಧಾನವಾಗಿಬಿಟ್ಟರು. ಸಿದ್ದಾಪುರದ ದಾರಿಯಲ್ಲಂತೂ ಹಂಪು ಇನ್ನೂ ದೂರವಿರುವಾಗಲೇ ಗೇರ್ ಇಳಿಸಿ, ಬಸ್ಸನ್ನು ಎತ್ತಿ ಇಟ್ಟ ಹಾಗೆ ದಾಟಿಸುತ್ತಿದ್ದರು. ದಿನಾ ಹತ್ತು ನಿಮಿಷ ತಡ. ರಾಂಪುರದಲ್ಲಿ ಬಸ್ಸಿನ ಟೈಮು ಬರೆದುಕೊಳ್ಳುವ ಕಂಟ್ರೋಲರ್ ಕಾರಣ ಕೇಳುವುದು ನನ್ನನ್ನು. ಟ್ರೈನಿಂಗಿನಲ್ಲಿರುವವಳು ನಾನು. ಎರಡು ವಾರ ತಡೆದುಕೊಂಡೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಹೊಟ್ಟೆ ತೊಳೆಸುತ್ತಿತ್ತು, ಬಸ್ಸು ತುಂಬಿತ್ತು, ಕಾಲೇಜಿನ ಹುಡುಗಿಯರು ಪರೀಕ್ಷೆಗೆ ತಡವಾಯಿತೆಂದು ಗೊಣಗುತ್ತಿದ್ದರು. ನಾನು ಹಿಂದಿನಿಂದಲೇ ಕೂಗಿದೆ.

"ಏನಣ್ಣಾ, ಎತ್ತಿನ ಗಾಡಿ ಹೊಡೀತಿದ್ದೀರಾ? ನೀವು ರಿಟೈರ್ ಆಗೋದ್ರೊಳಗೆ ನಮ್ಮನ್ನ ರಾಂಪುರ ಮುಟ್ಟಿಸ್ತೀರೋ ಇಲ್ವೋ?"

ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವರು ಮೇಲಿನ ಕನ್ನಡಿಯಲ್ಲಿ ನನ್ನನ್ನು ಒಂದು ಗಳಿಗೆ ನೋಡಿದರು. ಅವತ್ತಿನಿಂದ ಬಸ್ಸು ಟೈಮಿಗೆ ಸರಿಯಾಗಿ ರಾಂಪುರ ಸೇರತೊಡಗಿತು.

ನಾಲ್ಕನೇ ದಿನ ವಾಪಸ್ ಬರುವಾಗ ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯಲು ಕಾಲಿಟ್ಟೆ, ಹೊಟ್ಟೆ ಹಿಂಡಿದ ಹಾಗಾಯಿತು. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಣ್ಣ ಆಟೋ ಕರೆದರು, ನನ್ನ ಬ್ಯಾಗನ್ನೂ ಮಿಷನ್ನನ್ನೂ ಕಂಟ್ರೋಲರ್ ಕೈಗೆ ಕೊಟ್ಟು ತಾವೇ ಆಸ್ಪತ್ರೆಯವರೆಗೆ ಬಂದರು. ಸಂಜೆ ನಮ್ಮ ಮನೆಯವರು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಂಬತ್ತು ವಾರ ಆಗಿತ್ತು.

ಡಾಕ್ಟರಮ್ಮ ಒಳ್ಳೆಯವರು. "ಬಸ್ಸಿನಿಂದ ಆಗಿದ್ದಲ್ಲಮ್ಮ. ಮೊದಲ ತಿಂಗಳುಗಳಲ್ಲಿ ಹೀಗೆ ಎಷ್ಟೋ ಜನಕ್ಕೆ ಆಗುತ್ತೆ. ಅದು ನಿಲ್ಲೋ ಪಿಂಡ ಆಗಿರಲಿಲ್ಲ. ನೀನು ಮನೇಲಿ ಮಲಗಿದ್ರೂ ಹೀಗೇ ಆಗ್ತಿತ್ತು" ಎಂದು ಎರಡು ಸಲ ಹೇಳಿದರು. ತಲೆಯಾಡಿಸಿದೆ. ನಂಬಿದೆನೋ ಇಲ್ಲವೋ ಈಗಲೂ ಹೇಳಲಾರೆ.

ರಜೆಗೆ ಕಾರಣ ಕೊಡಬೇಕಲ್ಲ, ಡಿಪೋದಲ್ಲಿ ಕೊನೆಗೂ ಬಾಯಿ ಬಿಟ್ಟೆ, ಯಾಕೆ ಮುಚ್ಚಿಟ್ಟೆನೆಂದೂ ಹೇಳಿದೆ. ಅಲ್ಲಿನ ಹಿರಿಯ ಗುಮಾಸ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ ನಿನ್ನ! ಗೊತ್ತಾದ ದಿನಾನೇ ಒಂದು ಮಾತು ಹೇಳಿದ್ರೆ ಬಸ್ ಸ್ಟ್ಯಾಂಡಿನ ಪಾಸ್ ಕೌಂಟರಿನಲ್ಲಿ ಕೂರಿಸ್ತಿದ್ವಲ್ಲೇ. ಮೊದಲಿಂದ ಶುರು ಮಾಡಿಸ್ತಾರೆ ಅಂತ ಯಾರು ಹೇಳಿದ್ದು ನಿಂಗೆ?"

ಯಾರೆಂದು ಹೇಳಲಿ? ಕೇಳದೇ ಹೋದವಳು ನಾನು. ಆ ಹುಡುಗಿಯನ್ನು ಬೈಯಲು ಕೂಡ ಬಾಯಿ ಬರಲಿಲ್ಲ.

ಮೂರು ವಾರ ಬಿಟ್ಟು ಡ್ಯೂಟಿಗೆ ಬಂದಾಗ ಅದೇ ಗುಮಾಸ್ತೆ ಇನ್ನೊಂದು ವಿಷಯ ಹೇಳಿದರು. ನನ್ನ ಡ್ರೈವರ್ ಬೇರೆ ರೂಟ್ ಕೇಳಿ ಅರ್ಜಿ ಕೊಟ್ಟಿದ್ದಾರೆ. ಉರಿದುಹೋಯಿತು ನನಗೆ. ತಮಾಷೆಗೆ ಆಡಿದ ಮಾತಿಗೆ ಇಷ್ಟು ದಿನ ಮುನಿಸೇ? ಅವತ್ತು ರಾಂಪುರದಲ್ಲಿ ಬಸ್ಸು ನಿಂತ ಅರ್ಧ ಗಂಟೆಯಲ್ಲಿ, ಚಹದ ಅಂಗಡಿಯ ಮುಂದೆ ಅವರನ್ನು ತಡೆದೆ.

"ನನ್ನ ಜೊತೆ ಕೆಲ್ಸ ಮಾಡೋಕಾಗಲ್ಲ ಅಂದ್ರೆ ನನಗೇ ಹೇಳ್ಬೇಕಿತ್ತಣ್ಣಾ. ಒಂದು ಮಾತಂದಿದ್ದಕ್ಕೆ ಅರ್ಜಿ ಬರೆಯೋದಾ?"

ಅವರು ಲೋಟ ಕೆಳಗಿಟ್ಟರು. ನನ್ನ ಮುಖ ನೋಡದೆ, ನಿಂತಿದ್ದ ಬಸ್ಸಿನ ಕಡೆ ನೋಡಿಕೊಂಡು ಹೇಳಿದರು.

"ಮಾತಿಗಲ್ಲಮ್ಮಾ. ನಂಗೆ ಗೊತ್ತಿತ್ತು. ನೀನು ಬ್ಯಾಗನ್ನ ಹೊಟ್ಟೆ ಮೇಲಿಂದ ಪಕ್ಕಕ್ಕೆ ಹಾಕ್ಕೊಂಡಿದ್ದೆ. ದಿನಾ ಕನ್ನಡೀಲಿ ಕಾಣ್ತಿತ್ತು. ನಂಗೂ ಇಬ್ರು ಹೆಣ್ಮಕ್ಕಳವ್ರೆ. ನೀನಾಗೇ ಹೇಳ್ದೆ ನಾನೆಂಗ್ ಕೇಳ್ಲಿ? ಅದಕ್ಕೇ ನಿಧಾನ ಹೊಡೀತಿದ್ದೆ. ಆಮೇಲೆ ನೀನು ಅಂಗಂದೆ. ಎಲ್ರೂ ನಕ್ರು. ನಂಗೂ ಸಿಟ್ಟು ಬಂತು, ಜೋರಾಗಿ ಹೊಡ್ದೆ. ಎಂತ ಪನಿ ಚೇಸ್ತಿನಮ್ಮಾ ನೇನು, ಎಂಥ ಕೆಲ್ಸ ಮಾಡ್ಬಿಟ್ಟೆ" ಎಂದು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಆ ಹತ್ತು ಹತ್ತು ನಿಮಿಷಗಳೆಲ್ಲ ನನಗಾಗಿ ಇದ್ದವು. ನಾನು ಮುಚ್ಚಿಟ್ಟದ್ದನ್ನು ಅವರು ಮುಚ್ಚಿಟ್ಟುಕೊಂಡೇ ಕಾಯುತ್ತಿದ್ದರು, ನಾನು ಊರ ಮುಂದೆ ಅವರನ್ನು ನಗೆಪಾಟಲು ಮಾಡಿದ್ದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ, ಬಸ್ಸಿನಿಂದ ಅಲ್ಲವಂತೆ, ಮಲಗಿದ್ದರೂ ಆಗುತ್ತಿತ್ತಂತೆ. ನನಗೆ ಹೇಳಿಕೊಂಡಾಗ ಗಟ್ಟಿಯಾಗದ ಮಾತು ಅವರಿಗೆ ಹೇಳುವಾಗ ಸ್ವಲ್ಪ ಗಟ್ಟಿಯಾಗಿ ಬಂತು. ಅವರು ಹೂಂಗುಟ್ಟಿದರು, ಅಷ್ಟೇ. ಮರುದಿನ ಅರ್ಜಿ ವಾಪಸ್ ತೆಗೆದುಕೊಂಡರು.

ಅದಾಗಿ ಮೂರು ತಿಂಗಳಿಗೆ ಟ್ರೈನಿಂಗ್ ಮುಗಿದು ಆರ್ಡರ್ ಕೈಗೆ ಬಂತು. ಈ ಒಂದು ಕಾಗದಕ್ಕಾಗಿ ಎಷ್ಟು ಕಾದಿದ್ದೆವು! ನಮ್ಮ ಮನೆಯವರು ಪೇಡ ತಂದರು, ಇಬ್ಬರೂ ಮುಖ ಮುಖ ನೋಡಿಕೊಂಡು ತಿಂದೆವು. ಇನ್ನು ಪ್ರಯತ್ನ ಮಾಡಬಹುದು ಎಂದು ಡಾಕ್ಟರಮ್ಮನೂ ಹೇಳಿದ್ದರು. ಆದರೆ ಯಾವಾಗ ಎಂದು ಕೇಳಿದರೆ ಇವರದು ಒಂದೇ ಉತ್ತರ.

"ನಿನ್ನಿಷ್ಟ."

ತಿಂಗಳುಗಟ್ಟಲೆ ಇದೇ ಉತ್ತರ. ಒಂದು ಭಾನುವಾರ ರೇಗಿಹೋಯಿತು.

"ನನ್ನಿಷ್ಟ ಅಂದ್ರೇನ್ರೀ? ಮಗು ನನ್ನೊಬ್ಬಳದಾ? ಏನೇ ಆದ್ರೂ ನನ್ನ ತಲೆಗೇ ಬರ್ಲಿ ಅಂತಾನಾ?"

ಅವರು, "ನಂಗೆ ಭಯ ಐತೆ ಕಣೆ" ಎಂದರು. "ಅವತ್ತು ಆಸ್ಪತ್ರೇಲಿ ನಿನ್ನ ಮುಖ ನೋಡಿದ್ನಲ್ಲ, ಅದು ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ." ಮದುವೆಯಾದ ಮೇಲೆ ಆ ಮನುಷ್ಯ ಭಯ ಎಂಬ ಮಾತನ್ನು ಆಡಿದ್ದು ಅದೇ ಮೊದಲು. ನಾನು ಜಗಳ ನಿಲ್ಲಿಸಿ ಪಕ್ಕದಲ್ಲಿ ಕೂತೆ. ನನಗೂ ಅದೇ ಭಯ. ಕಾದರೆ ವಯಸ್ಸು ಹೋಗುತ್ತದೆ, ಮತ್ತೆ ಹೀಗೇ ಆದರೆ ತಡೆದುಕೊಳ್ಳಲು ಆಗುವುದಿಲ್ಲ.

ಮರುದಿನ ಡಿಪೋದಲ್ಲಿ ನಾನೇ ಬಾಯಿ ಬಿಟ್ಟು ಕೇಳಿದೆ. ಗೊತ್ತಾದ ದಿನದಿಂದಲೇ ಕೌಂಟರ್ ಎಂದು ಗುಮಾಸ್ತೆ ಮಾತು ಕೊಟ್ಟರು. ಸರಿಯೇ. ಆದರೆ ಗೊತ್ತಾಗುವುದಕ್ಕೆ ಮುಂಚಿನ ಆ ನಾಲ್ಕೈದು ವಾರಗಳಿಗೆ ಕೌಂಟರ್ ಯಾರು ಕೊಡುತ್ತಾರೆ? ಆ ವಾರಗಳಲ್ಲಿ ನಾನು ಬಸ್ಸಿನಲ್ಲೇ ಇರಬೇಕು. ಮನೆಗೆ ಬಂದು ಹೇಳಿದೆ.

"ಅಣ್ಣ ರಿಟೈರಾಗೋಕೆ ಇನ್ನು ಎಂಟು ತಿಂಗಳೈತೆ. ಅದ್ರೊಳಗೇ ಆಗ್ಬೇಕು. ಬೇರೆಯವ್ರ ಬಸ್ಸಲ್ಲಿ ನಂಗೆ ಧೈರ್ಯ ಇಲ್ಲ."

ಇವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. "ಡ್ರೈವರ್ ರಿಟೈರ್ಮೆಂಟ್ ನೋಡ್ಕಂಡು ಮಗು ಮಾಡ್ಕಳ್ಳೋದು ಊರಲ್ಲಿ ನಾವೊಬ್ರೇ ಇರ್ಬೇಕು" ಎಂದು ನಕ್ಕರು. ನಗುತ್ತಲೇ ಕಣ್ಣು ಒದ್ದೆ ಮಾಡಿಕೊಂಡರು. ಹೂಂ ಎಂದರು.

ಉಳಿದದ್ದು ಅಣ್ಣನಿಗೆ ಹೇಳುವುದು. ಹೇಗೆ ಹೇಳುವುದು? ಆಗಿದೆ ಎನ್ನಬಹುದು, ಆಗಲಿ ಅಂತ ಇದ್ದೀವಿ ಎಂದು ಅಪ್ಪನ ವಯಸ್ಸಿನವರ ಹತ್ತಿರ ಯಾವ ಹೆಂಗಸು ಹೇಳುತ್ತಾಳೆ! ಮೂರು ದಿನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾಲ್ಕನೇ ದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ಜನ ಹತ್ತುವುದಕ್ಕೆ ಮೊದಲೇ ಡ್ರೈವರ್ ಸೀಟಿನ ಹಿಂದೆ ಹೋಗಿ ನಿಂತೆ.

"ಅಣ್ಣಾ, ಇನ್ಮೇಲೆ ಹತ್ತು ನಿಮಿಷ ತಡ ಆದ್ರೂ ನಾನೇನೂ ಅನ್ನಲ್ಲ."

ಅವರು ತಕ್ಷಣ ತಿರುಗಲಿಲ್ಲ. ಕನ್ನಡಿಯನ್ನು ಸ್ವಲ್ಪ ಸರಿಮಾಡಿ ಅದರಲ್ಲೇ ನನ್ನನ್ನು ನೋಡಿದರು. ನಾನು ಹೆಗಲ ಬ್ಯಾಗನ್ನು ಪಕ್ಕಕ್ಕೆ ಸರಿಸಿಕೊಂಡೆ.

"ಸರೇಲೇಮ್ಮಾ" ಎಂದರು.

ಮೊಳಕಾಲ್ಮೂರು ದಾಟಿ ಸಿದ್ದಾಪುರದ ದಾರಿಗೆ ಬಂದಾಗ ಬಸ್ಸು ಹೆಜ್ಜೆ ಎಣಿಸಿಕೊಂಡು ಹೋಗತೊಡಗಿತು. ಹಂಪು ಬಂದದ್ದೂ ಹೋದದ್ದೂ ಕಾಲಿಗೆ ಗೊತ್ತಾಗಲಿಲ್ಲ. ಹಿಂದಿನ ಸೀಟಿನಿಂದ ಒಬ್ಬ ಗಂಡಸು ಕೂಗಿದ.

"ಏನ್ ಡ್ರೈವರಪ್ಪಾ, ಎತ್ತಿನ ಗಾಡಿ ಹೊಡೀತಿದ್ದೀಯಾ?"

ನಾಲ್ಕು ಜನ ನಕ್ಕರು. ಅಣ್ಣ ಗೇರ್ ಏರಿಸಲಿಲ್ಲ. ನನಗೆ ಕೋಪ ಬೇಗ ಬರುತ್ತದೆ ಎಂದೆನಲ್ಲ.

"ಅಷ್ಟು ಅರ್ಜೆಂಟಿದ್ರೆ ಇಳಿದು ನಡ್ಕೊಂಡು ಹೋಗ್ರೀ! ಈ ಬಸ್ಸು ಹೋಗೋದೇ ಹಿಂಗೆ!"

ಬಸ್ಸು ಗಪ್‌ಚಿಪ್ಪಾಯಿತು. ಅವತ್ತು ರಾಂಪುರ ಸೇರುವಾಗ ಹದಿನಾಲ್ಕು ನಿಮಿಷ ತಡವಾಗಿತ್ತು. ಕಂಟ್ರೋಲರ್ ಕಾರಣ ಕೇಳಿದ. ಅಣ್ಣ ಬಾಯಿ ತೆರೆಯುವ ಮೊದಲೇ, ನಾನೇ ನಿಧಾನ ಹೋಗಲು ಹೇಳಿದ್ದು ಎಂದು ಬರೆಸಿ ನನ್ನ ಸಹಿ ಹಾಕಿದೆ.